ಹಂಡೆ ಒಲೆ, ಕೊಡ್ಲಿ ಮತ್ತು ಕರೆಂಟಿನ ಬೆಣೆ

ಶಿವರಾತ್ರಿ ಕಳೆದ ವಾರ ಕಾರ್ಕಳದ ಅಮ್ಮನ ಮನೆಗೆ ಹೋದಾಗ ಅಮ್ಮ ಕಾಲಿಗೆ ಬಟ್ಟೆ ಸುತ್ತಿಕೊಂಡು ಜಗಲಿಯಲ್ಲಿ ಕೂತಿದ್ದಳು. "ಎಂಥದು ಅದು?" ಕೇಳಿದೆ. "ಎಂಥದೂ ಇಲ್ಲ, ಹಲಸಿನ ತುಂಡೊಂದು ಹಾರಿ ಬಂತು" ಅಂದಳು. ತುಂಡು ತಾನಾಗಿ ಹಾರುದಿಲ್ಲ ಮಾರಾಯ್ತಿ, ಯಾರಾದರೂ ಕೊಡ್ಲಿ ಎತ್ತಬೇಕು. 76 ವರ್ಷದ ನನ್ನ ಅಮ್ಮ ಎತ್ತಿದ್ದಳು.

ಯಾಕೆ ಗೊತ್ತುಂಟಾ? ಶ್ರಾವಣದಲ್ಲಿ ನನ್ನ ಮಗಳ ಹೆರಿಗೆ. ಮಣಿಪಾಲದ ನಮ್ಮ ಫ್ಲ್ಯಾಟಿನಲ್ಲಿ ಗೀಸರ್ ಉಂಟು, ಹಂಡೆ ಇಲ್ಲ. ಬಾಣಂತನ ಹಂಡೆ ಇರುವ ಮನೆಯಲ್ಲೇ ಆಗಬೇಕು ಅಂತ ಅಮ್ಮನ ಹಠ. ದಿನಾ ಎರಡು ಹಂಡೆ ಬಿಸಿನೀರು, ಅದೂ ಸುರಿಯುವ ಮಳೆಯಲ್ಲಿ. ಅದಕ್ಕೆ ಬೇಕಾದ ಕಟ್ಟಿಗೆ ಈಗಲೇ ಒಡೆದು ಒಣಗಿಸಬೇಕು. ಮೂವತ್ತು ವರ್ಷ ನಮಗೆ ಕಟ್ಟಿಗೆ ಒಡೆದು ಕೊಟ್ಟ ಅಣ್ಣನಿಗೆ ಈಗ ಸೊಂಟ ಆಗುದಿಲ್ಲ. ಅವರ ಮಕ್ಕಳಲ್ಲಿ ಒಬ್ಬ ಬೊಂಬಾಯಿ, ಒಬ್ಬ ಬಹರೈನ್. ಹೊಸಬರಿಗೆ ಫೋನ್ ಮಾಡಿದರೆ "ನಾಳೆ ಬರ್ತೇವೆ" ಅಂತಾರೆ, ಆ ನಾಳೆ ಬರುದೇ ಇಲ್ಲ.

ಹಾಗಾಗಿ ಕರೆಂಟಿನಲ್ಲಿ ಕಟ್ಟಿಗೆ ಸೀಳುವ ಮೆಶೀನ್ ನೋಡ್ಲಿಕ್ಕೆ ಹೊರಟೆ. ಎಷ್ಟು ಟನ್, ಎಷ್ಟು ವ್ಯಾಟ್ ಅಂತ ಲೆಕ್ಕ ಹಾಕುತ್ತಾ ಕೂತವಳಿಗೆ ಬೇರೆಯೇ ಒಂದು ಪ್ರಶ್ನೆ ಬಂತು: ಇಷ್ಟು ಕಾಲ ನಮ್ಮ ಮನೆಗಳಲ್ಲಿ ಈ ಕೊಡ್ಲಿ ಯಾರ ಕೈಯಲ್ಲಿತ್ತು?

ನಮ್ಮ ಕಡೆಯಲ್ಲಿ ಈ ಕಥೆ ಕುಮ್ಕಿಯಿಂದಲೇ ಶುರು ಮಾಡಬೇಕು. 1862ರಲ್ಲಿ ಕೆನರಾ ಎರಡಾಗಿ, ಉತ್ತರ ಭಾಗ ಬೊಂಬಾಯಿಗೆ ಹೋಯಿತು, ನಮ್ಮ ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಇಲ್ಲಿ ವರ್ಗ ಜಾಗ ಇದ್ದವರಿಗೆ ಆ ಜಾಗದ ಅಂಚಿನಿಂದ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ತರಗೆಲೆ, ಕಟ್ಟಿಗೆ ತೆಗೆಯುವ ಹಕ್ಕು ಇತ್ತು. ಅದೇ ಕುಮ್ಕಿ. 1882ರಲ್ಲಿ ಮದ್ರಾಸ್ ಅರಣ್ಯ ಕಾಯ್ದೆ ಬಂತು, ಕಾದಿಟ್ಟ ಕಾಡಿಗೆ ಕಾವಲೂ ನಿಯಮವೂ ಬಂತು. ಅಂದರೆ ವರ್ಗದಾರರ ಮನೆಗೆ ಕಟ್ಟಿಗೆ ಬೇಲಿಯ ಆಚೆಯೇ ಸಿಗುತ್ತಿತ್ತು. ಜಾಗ ಇಲ್ಲದ ಮನೆಯ ಹೆಂಗಸರಿಗೆ ಗುಡ್ಡ ಹತ್ತಿ, ಹೊರೆ ಹೊತ್ತು ಬರುವ ಕೆಲಸ. "ನಮ್ಮಲ್ಲಿ ಕಟ್ಟಿಗೆಗೆ ಯಾವತ್ತೂ ಬರ ಇರ್ಲಿಲ್ಲ" ಅಂತ ನಾವು ಹೇಳುವಾಗ ಇದನ್ನೂ ನೆನಪು ಮಾಡಿಕೊಳ್ಳಬೇಕು.

ಗೇಣಿಯ ಕಾಲದಲ್ಲಿ ಒಕ್ಕಲಿನವರೇ ಬಂದು ನಮ್ಮ ಮನೆಯ ಕಟ್ಟಿಗೆ ಒಡೆದು ರಾಶಿ ಹಾಕಿ ಹೋಗುತ್ತಿದ್ದರಂತೆ. ಕೂಲಿ ಎಷ್ಟು ಕೊಡ್ತಿದ್ರಿ ಅಂತ ಕೇಳಿದರೆ ಅಮ್ಮ ಮಾತು ತಿರುಗಿಸುತ್ತಾಳೆ. 1974ರ ಭೂಸುಧಾರಣೆಯಲ್ಲಿ ಉಳುವವನೇ ಒಡೆಯನಾದ. ಆಮೇಲೆ ಕಟ್ಟಿಗೆ ಒಡೆಸಬೇಕಾದರೆ ಕರೆಯಬೇಕು, ಸಂಬಳ ಕೊಡಬೇಕು, ಮಧ್ಯಾಹ್ನ ಊಟ ಬಡಿಸಬೇಕು. ಆಗಬೇಕಾದದ್ದೇ ಆಯಿತು.

ಮತ್ತೆ ಬಂದದ್ದು ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಶುರು ಮಾಡಿದ ‘ಅಸ್ತ್ರ’ ವಿಭಾಗದವರು ರೂಪಿಸಿದ ಒಲೆ ಅದು. ಒಂದೇ ಬೆಂಕಿಗೆ ಮೂರು ಪಾತ್ರೆ, ಹೊಗೆ ಹೋಗ್ಲಿಕ್ಕೆ ಕೊಳವೆ. ಅಡುಗೆಮನೆ ಹೊಗೆಯಲ್ಲಿ ಕಣ್ಣು ಕೆಂಪು ಮಾಡಿಕೊಂಡವರಿಗೇ ಅದರ ಬೆಲೆ ಗೊತ್ತು. ಆದರೆ ಅದರ ಬಾಯಿ ಸಣ್ಣದು, ಕಟ್ಟಿಗೆ ಸಣ್ಣಕ್ಕೆ ಸೀಳಿಯೇ ಹಾಕಬೇಕು. ಹೊಗೆ ಹೋಯಿತು, ಕೊಡ್ಲಿಯ ಕೆಲಸ ಹೆಚ್ಚಾಯಿತು. ಸಾರಿಗೆ ಕುದಿ ಬರುವ ಹೊತ್ತಿಗೆ ಸೀಳಿದ ಕಟ್ಟಿಗೆ ಮುಗಿದರೆ ಹೆಂಗಸರೇ ಕತ್ತಿ ಹಿಡಿದು ಹೊರಗೆ ಹೋಗಬೇಕಿತ್ತು.

ನಮ್ಮ ಮನೆಗೆ ಗ್ಯಾಸ್ ಬಂದದ್ದು ನನ್ನ ಮದುವೆಯ ಹಿಂದಿನ ವರ್ಷ. ಅಡುಗೆ ಒಲೆ ತಣ್ಣಗಾಯಿತು, ಬಚ್ಚಲ ಒಲೆ ಮಾತ್ರ ಉಳಿಯಿತು. ದೀಪಾವಳಿಯ ನೀರು ತುಂಬುವ ದಿನ ಹಂಡೆ ತಿಕ್ಕಿ, ಶೇಡಿ ಬರೆದು, ಬಳ್ಳಿ ಸುತ್ತುವವರು ನಾವೇ ಅಲ್ವಾ? ಸಿಲಿಂಡರಿಗೆ ಯಾರು ಬಳ್ಳಿ ಸುತ್ತುತ್ತಾರೆ!

ಮದುವೆಯಾಗಿ ಕಾಪುವಿಗೆ ಹೋದ ಮೇಲೆ ಬೇರೆಯೇ ಲೋಕ ಕಂಡೆ. ಅಲ್ಲಿ ಹೊಯ್ಗೆ ನೆಲ, ತೆಂಗಿನ ತೋಟ. ಅತ್ತೆಯ ಹಂಡೆ ಒಲೆಗೆ ಕೊತ್ತಳಿಗೆ, ಗೆರಟೆ, ಒಣ ಮಡಲು, ಗಾಳಿಮರದ ಗೆಲ್ಲು. ಎಲ್ಲವೂ ಒಂದು ಕತ್ತಿಯಲ್ಲಿ ಮುಗಿಯುವ ಕೆಲಸ. "ನಿಮ್ಮೂರಿನವರು ನೀರು ಕಾಯಿಸ್ಲಿಕ್ಕೆ ಮರವನ್ನೇ ಕಡೀತೀರಾ?" ಅಂತ ಅತ್ತೆ ನಗಾಡುತ್ತಿದ್ದರು. ಮೆಶೀನ್ ನೋಡುವ ಮೊದಲು ಈ ಮಾತು ನೆನಪಿರಲಿ. ಕಾಪುವಿನ ಮನೆಗೆ ಈ ಮೆಶೀನ್ ದಂಡ. ಹಲಸು, ಮಾವು, ರಬ್ಬರ್ ಮರದ ಬೊಡ್ಡೆ ಬೀಳುವ ಕಾರ್ಕಳದ ಕಡೆಗೆ ಮಾತ್ರ ಅದರ ಉಪಯೋಗ.

ಮೆಶೀನಿನಲ್ಲಿ ಇರುದು ನಮ್ಮ ಅದೇ ಹಳೆಯ ಬೆಣೆ. ದಪ್ಪ ಬೊಡ್ಡೆಯ ಬಿರುಕಿಗೆ ಕಬ್ಬಿಣದ ಬೆಣೆ ಇಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತಿದ್ದದ್ದು ನೆನಪುಂಟಲ್ಲ? ಇಲ್ಲಿ ಬೆಣೆ ಅಲುಗಾಡುದಿಲ್ಲ, ಎಣ್ಣೆಯ ಒತ್ತಡ ಕಟ್ಟಿಗೆಯನ್ನು ಮೆಲ್ಲ ಬೆಣೆಯ ಮೇಲೆ ದೂಡುತ್ತದೆ. ದ್ರವದ ಒತ್ತಡದ ಈ ಉಪಾಯಕ್ಕೆ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲೇ ಪೇಟೆಂಟ್ ತೆಗೆದಿದ್ದರು. ಅಮ್ಮನ ಬಚ್ಚಲ ಹಿಂದೆ ಬರ್ಲಿಕ್ಕೆ ಅದಕ್ಕೆ 200 ವರ್ಷಕ್ಕಿಂತ ಹೆಚ್ಚು ಬೇಕಾಯಿತು!

ನಾನು ಕಲಿತದ್ದು ಇಷ್ಟು. ತಿರುಗುವ ಸ್ಕ್ರೂ ಶಂಕು ಇರುವ ನಮೂನೆ ಕಡಿಮೆ ಕ್ರಯಕ್ಕೆ ಸಿಗುತ್ತದೆ, ಅದನ್ನು ಮನೆಗೆ ತರಲೇಬೇಡಿ. ಸೀರೆ ಸೆರಗು, ನೈಟಿ, ಚೂಡಿದಾರದ ಶಾಲು, ಜಡೆ, ಯಾವುದು ಸಿಕ್ಕಿದರೂ ಎಳೆದುಕೊಳ್ಳುತ್ತದೆ. ಎಣ್ಣೆ ಒತ್ತಡದ ಮೆಶೀನಿನಲ್ಲೂ ಎರಡೂ ಕೈ ಒತ್ತಿ ಹಿಡಿದರೆ ಮಾತ್ರ ನಡೆಯುವಂಥದ್ದನ್ನೇ ತೆಗೆದುಕೊಳ್ಳಿ. ಒಂದು ಕೈ ಬಿಟ್ಟರೆ ನಿಲ್ಲಬೇಕು. ಒಬ್ಬರು ಕಟ್ಟಿಗೆ ಹಿಡಿದು ಇನ್ನೊಬ್ಬರು ಒತ್ತುವ ಕೆಲಸ ಬೇಡವೇ ಬೇಡ. ಮಲಗಿದ ನಮೂನೆಯ 5 ಟನ್ನಿನದು ಮನೆ ಮಟ್ಟಿಗೆ ಸಾಕು. ಗಂಟು ಇರುವ ಹಲಸಿನ ಬುಡಕ್ಕೆ ಅದೂ ಸೋಲುತ್ತದೆ, ಅಂಥದ್ದನ್ನು ಬದಿಗಿಡಿ. ಸೊಂಟದ ಎತ್ತರದ ಸ್ಟ್ಯಾಂಡ್ ಇರಲಿ, ಬಗ್ಗಿ ಮಾಡುವುದಾದರೆ ಕೊಡ್ಲಿಗೂ ಅದಕ್ಕೂ ಎಂಥ ವ್ಯತ್ಯಾಸ? 15 ಆಂಪಿಯರಿನ ಪ್ಲಗ್, ಸರಿಯಾದ ಅರ್ತಿಂಗ್ ಬೇಕು. ಸಪೂರ ವಯರ್ ಉದ್ದಕ್ಕೆ ಎಳೆದರೆ ವೋಲ್ಟೇಜ್ ಇಳಿದು ಮೋಟಾರ್ ಬಿಸಿಯಾಗುತ್ತದೆ. ಮಳೆ ನೀರಿನಲ್ಲಿ ನಿಂತು ಮುಟ್ಟಬೇಡಿ.

ಒಂದು ವಿಷಯ ಅಂಗಡಿಯವರು ಹೇಳಲೇ ಇಲ್ಲ. ಇದರೊಳಗೆ ಹಿಡಿಯುದು ಸುಮಾರು ಅರ್ಧ ಮೀಟರ್ ಉದ್ದದ ತುಂಡು ಮಾತ್ರ. ನಮ್ಮ ಹಂಡೆ ಒಲೆಗೆ ಮಾರುದ್ದದ ಕಟ್ಟಿಗೆ ಇಟ್ಟು, ಉರಿದ ಹಾಗೆ ಮುಂದೆ ದೂಡುವುದು ಕ್ರಮ. ಮೆಶೀನ್ ಸೀಳುತ್ತದೆ, ಅಡ್ಡಕ್ಕೆ ಕೊಯ್ಯುದಿಲ್ಲ. ಕೊಯ್ಯುವ ಕೆಲಸಕ್ಕೆ ಮತ್ತೂ ಒಬ್ಬರನ್ನು ಕರೆಯಲೇಬೇಕು.

ಎಲ್ಲ ಕೇಳಿ ಅಮ್ಮ ಅಂದಳು: "ಕೃಷ್ಣಮಠದವರಿಗೆ ಗೊತ್ತುಂಟು, ನಿನಗೆ ಗೊತ್ತಿಲ್ಲ." ಅವಳು ಹೇಳಿದ್ದು ಮಧ್ವ ಸರೋವರದ ಹತ್ತಿರದ ಕಟ್ಟಿಗೆ ರಥದ ಬಗ್ಗೆ. ಪರ್ಯಾಯಕ್ಕೆ ಮುಂಚೆ ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಅಂತ ನಾಲ್ಕು ಮುಹೂರ್ತ ಆಗುತ್ತದಲ್ಲ, ಅದರಲ್ಲಿ ಮೂರನೆಯದು ಕಟ್ಟಿಗೆಯದ್ದು. ಸೀಳಿದ ಕಟ್ಟಿಗೆಯನ್ನು ರಥದ ಹಾಗೆ ಪೇರಿಸಿ ಇಡುತ್ತಾರೆ. ಅನ್ನದಾನ ಶುರುವಾಗುವ ಮೊದಲೇ ಕಟ್ಟಿಗೆ ತಯಾರು. ಅಮ್ಮನ ಲೆಕ್ಕ ಸರಿಯೇ. ಹಸಿಯಾಗಿರುವಾಗಲೇ ಸೀಳಿ, ಗಾಳಿ ಆಡುವ ಹಾಗೆ ಪೇರಿಸಿದರೆ ಪತ್ತನಾಜೆಯ ಹೊತ್ತಿಗೆ ಒಣಗುತ್ತದೆ. ಒಣ ಕಟ್ಟಿಗೆ ಕಡಿಮೆ ಸಾಕು, ಹೊಗೆಯೂ ಕಡಿಮೆ.

ಕೊನೆಗೆ ನಾನೊಬ್ಬಳೇ ತೆಗೆದುಕೊಳ್ಳಲಿಲ್ಲ. ಅಮ್ಮನ ಆಚೆಮನೆ ಈಚೆಮನೆಯವರು ಸೇರಿ ನಾಲ್ಕು ಮನೆಗೆ ಒಂದು ಮೆಶೀನ್. ವಾದಿರಾಜರು ಎರಡು ತಿಂಗಳ ಸರದಿಯನ್ನು ಎರಡು ವರ್ಷ ಮಾಡಿದರು, ನಾವು ಎರಡು ದಿನದ ಪರ್ಯಾಯ ಮಾಡಿಕೊಂಡಿದ್ದೇವೆ. ಕೊಯ್ಯುವವರನ್ನೂ ಒಂದೇ ದಿನ ಕರೆದರೆ ಅವರಿಗೂ ಬಂದದ್ದಕ್ಕೆ ಪೂರ್ತಿ ದಿನದ ಸಂಬಳ. ಹಳೆಯ ಅಣ್ಣನೂ ಬಂದಿದ್ದರು. ಸ್ಟೂಲಿನಲ್ಲಿ ಕೂತು, ಯಾವ ತುಂಡಿನ ಎಳೆ ಎತ್ತ ಹೋಗುತ್ತದೆ, ಯಾವ ಕಡೆ ಮುಂದೆ ಇಡಬೇಕು ಅಂತ ಕೈ ತೋರಿಸಿದರು. ಆ ಬುದ್ಧಿ ಮೆಶೀನಿಗೆ ಇಲ್ಲ. ಅವತ್ತು ಅವರಿಗೆ ಒಡೆದ ದಿನದ್ದೇ ಸಂಬಳ ಕೊಟ್ಟೆವು. ಈ ಸಲ ಅಮ್ಮ ಮಾತು ತಿರುಗಿಸಲಿಲ್ಲ, ತಾನೇ ಎಣಿಸಿ ಕೊಟ್ಟಳು.

ಕೊಡ್ಲಿಯನ್ನು ಮಾತ್ರ ನಾನು ಅಟ್ಟಕ್ಕೆ ಹಾಕಿದ್ದೇನೆ, ಏಣಿ ಆಚೆಮನೆಯಲ್ಲಿ ಉಂಟು. ಕಾರ್ಕಳದ ಅಕ್ಕಂದಿರೇ, ಅಮ್ಮ ಕೇಳಿದರೆ ದಯವಿಟ್ಟು ಕೊಡಬೇಡಿ.