ಸಾಲಗಾರರ ಪರವಾಗಿ ನಿಂತ ಪ್ರಾರ್ಥನೆ

ಕೃಷ್ಣರಾಜನಗರ ತಾಲ್ಲೂಕಿನ ಡೋರನಹಳ್ಳಿಗೆ ಪ್ರತಿವರ್ಷ ಜೂನ್ 13ರ ಹಬ್ಬಕ್ಕೆ ಜನಸಾಗರವೇ ಹರಿದುಬರುತ್ತದೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಿಂದ ಬರುವ ಭಕ್ತರಲ್ಲಿ ಕ್ರೈಸ್ತರಷ್ಟೇ ಅಲ್ಲ, ಅನ್ಯಮತೀಯರೂ ಇರುತ್ತಾರೆ. ಹೊಲ ಉಳುತ್ತಿದ್ದ ರೈತನೊಬ್ಬನಿಗೆ ಮಣ್ಣಿನಲ್ಲಿ ಸಂತ ಅಂತೋಣಿಯವರ ಪ್ರತಿಮೆ ದೊರೆಯಿತೆಂಬುದು ಈ ಪುಣ್ಯಕ್ಷೇತ್ರದ ಬಗ್ಗೆ ಪರಂಪರೆಯಿಂದ ಬಂದಿರುವ ಕಥೆ. 2019ರಲ್ಲಿ ಇಲ್ಲಿನ ದೇವಾಲಯಕ್ಕೆ ಕಿರಿಯ ಬೆಸಿಲಿಕಾ ಎಂಬ ಗೌರವವೂ ಸಂದಿತು.

ಕಳೆದುಹೋದ ವಸ್ತುವನ್ನು ದೊರಕಿಸಿಕೊಡುವ ಪವಾಡಪುರುಷರೆಂದು ಅಂತೋಣಿಯವರನ್ನು ನಾವೆಲ್ಲ ಬಲ್ಲೆವು. ಆದರೆ ಅವರು ಅಧಿಕಾರದ ಹೊಣೆ ಹೊತ್ತು, ಜನರನ್ನು ಮುನ್ನಡೆಸಿದ ಕಾರ್ಯಶೀಲ ನಾಯಕರಾಗಿದ್ದರೆಂಬುದನ್ನು ನೆನೆಯುವವರು ಕಡಿಮೆ. ಕೆಲಸದ ನಡುವೆ ಪ್ರಾರ್ಥನೆಗೆ ಯಾವ ಸ್ಥಾನವಿದೆ ಎಂದು ಕೇಳುವವರಿಗೆ ಅವರ ಜೀವನಚರಿತ್ರೆಯಲ್ಲಿ ಸ್ಪಷ್ಟವಾದ ಉತ್ತರವಿದೆ.

1195ರ ಸುಮಾರಿಗೆ ಪೋರ್ಚುಗಲ್ ದೇಶದ ಲಿಸ್ಬನ್ ನಗರದಲ್ಲಿ ಜನಿಸಿದ ಅವರ ಮೊದಲ ಹೆಸರು ಫೆರ್ನಾಂದೊ. ಮೊದಲು ಸಂತ ಅಗಸ್ಟೀನರ ನಿಯಮಾವಳಿಯನ್ನು ಅನುಸರಿಸುವ ಮಠವನ್ನು ಸೇರಿ ಪವಿತ್ರಗ್ರಂಥವನ್ನು ಆಳವಾಗಿ ಅಭ್ಯಸಿಸಿದರು. ಮೊರಾಕೊ ದೇಶದಲ್ಲಿ ರಕ್ತಸಾಕ್ಷಿಗಳಾದ ಫ್ರಾನ್ಸಿಸ್ಕನ್ ಸಹೋದರರ ಪಾರ್ಥಿವ ಅವಶೇಷಗಳು ಕೊಯಿಂಬ್ರಾ ನಗರಕ್ಕೆ ಬಂದುದನ್ನು ಕಂಡು, 1220ರಲ್ಲಿ ತಾವೂ ಆ ಸಭೆಯನ್ನು ಸೇರಿದರು. ಮೊರಾಕೊಗೆ ಹೋದರಾದರೂ ರೋಗಪೀಡಿತರಾಗಿ ಹಿಂದಿರುಗಬೇಕಾಯಿತು. ಬಿರುಗಾಳಿಗೆ ಸಿಕ್ಕ ಅವರ ಹಡಗು ಸಿಸಿಲಿಯ ದಡ ಸೇರಿತು. 1221ರಲ್ಲಿ ಅಸ್ಸಿಸಿಯಲ್ಲಿ ನಡೆದ ಮಹಾಸಭೆಯಲ್ಲಿ ಈ ಅಪರಿಚಿತ ತರುಣನನ್ನು ಕೇಳುವವರೇ ಇರಲಿಲ್ಲ. ಕೊನೆಗೆ ಮೊಂತೆಪಾವೊಲೊ ಎಂಬ ಬೆಟ್ಟದ ಆಶ್ರಮದಲ್ಲಿ ಅವರಿಗೊಂದು ನೆಲೆ ದೊರೆಯಿತು. ಅಲ್ಲಿ ಸಹೋದರರಿಗಾಗಿ ಬಲಿಪೂಜೆ ಅರ್ಪಿಸುವುದು, ಗುಹೆಯಲ್ಲಿ ಏಕಾಂತ ಪ್ರಾರ್ಥನೆ ಮಾಡುವುದು ಅವರ ದಿನಚರಿಯಾಗಿತ್ತು.

1222ರಲ್ಲಿ ಫೊರ್ಲಿ ಪಟ್ಟಣದಲ್ಲಿ ನಡೆದ ಯಾಜಕದೀಕ್ಷೆಯ ಸಂದರ್ಭದಲ್ಲಿ ಬೇರೆ ಯಾರೂ ಪ್ರಬೋಧನೆಗೆ ಮುಂದಾಗದಿದ್ದಾಗ ಅಂತೋಣಿಯವರಿಗೆ ಮಾತನಾಡುವಂತೆ ಆಜ್ಞೆಯಾಯಿತು. ಅಂದು ಅವರ ಜ್ಞಾನಸಂಪತ್ತು ಎಲ್ಲರಿಗೂ ತಿಳಿಯಿತು. ಮುಂದೆ ಸಹೋದರರಿಗೆ ದೈವಶಾಸ್ತ್ರ ಬೋಧಿಸಲು ಅವರಿಗೆ ಅನುಮತಿ ನೀಡಿದ ಸಂತ ಫ್ರಾನ್ಸಿಸರು ಒಂದೇ ಒಂದು ಷರತ್ತನ್ನು ವಿಧಿಸಿದರು: ಆ ಕಾರ್ಯದ ಭರದಲ್ಲಿ ಪ್ರಾರ್ಥನೆಯ ಚೈತನ್ಯ ನಂದಿಹೋಗಬಾರದು. ಕೆಲಸವು ಒಳ್ಳೆಯದೇ ಆಗಿದ್ದರೂ ಅದು ಕೆಲಸಗಾರನ ಅಂತರಂಗವನ್ನು ಬರಿದುಮಾಡಬಲ್ಲದೆಂಬುದನ್ನು ಫ್ರಾನ್ಸಿಸರು ಅರಿತಿದ್ದರು.

1227ರಿಂದ 1230ರವರೆಗೆ ಅಂತೋಣಿಯವರು ಉತ್ತರ ಇಟಲಿಯ ಫ್ರಾನ್ಸಿಸ್ಕನ್ ಸಹೋದರರ ಪ್ರಾಂತ್ಯಾಧಿಕಾರಿಯಾಗಿದ್ದರು. ಅಧಿಕಾರದಿಂದ ಬಿಡುಗಡೆಗೊಂಡ ಬಳಿಕ, 1231ರ ತಪಸ್ಸುಕಾಲದಲ್ಲಿ ಪದುವಾ ನಗರದಲ್ಲಿ ದಿನವೂ ಪ್ರಬೋಧನೆ ನೀಡಿದರು. ದೇವಾಲಯಗಳಲ್ಲಿ ಸ್ಥಳ ಸಾಲದೆ ಜನರು ಬಯಲಿನಲ್ಲಿ ನೆರೆಯುತ್ತಿದ್ದರು. ಪ್ರಬೋಧನೆಯ ನಂತರ ಸಂಜೆಯವರೆಗೂ ಪಾಪನಿವೇದನೆ ಆಲಿಸುತ್ತಿದ್ದರು. ಅದು ವ್ಯಾಪಾರವೂ ಬಡ್ಡಿ ವ್ಯವಹಾರವೂ ಬೆಳೆದಿದ್ದ ನಗರ. ಸಾಲ ತೀರಿಸಲಾಗದವನನ್ನು ಅಲ್ಲಿ ಸೆರೆಮನೆಗೆ ತಳ್ಳಲಾಗುತ್ತಿತ್ತು. ಸೆರೆಯಲ್ಲಿದ್ದವನು ದುಡಿಯಲಾರ, ದುಡಿಯದವನು ಸಾಲ ತೀರಿಸಲಾರ. ಮನೆಮಂದಿಯ ಗತಿಯನ್ನು ಹೇಳಬೇಕಾಗಿಲ್ಲ.

1231ರ ಮಾರ್ಚ್ 17ರಂದು ಪದುವಾ ನಗರಾಡಳಿತವು ಒಂದು ಶಾಸನವನ್ನು ಹೊರಡಿಸಿತು. ಸಾಲಗಾರನಾಗಲಿ, ಅವನ ಜಾಮೀನುದಾರನಾಗಲಿ ತನ್ನ ಸ್ವತ್ತನ್ನು ಒಪ್ಪಿಸಿಬಿಟ್ಟರೆ ಅವನನ್ನು ಸೆರೆಯಲ್ಲಿಡಬಾರದೆಂಬುದು ಅದರ ಸಾರ. ಸಹೋದರ ಅಂತೋಣಿಯವರ ಕೋರಿಕೆಯ ಮೇರೆಗೆ ಇದು ಜಾರಿಯಾಯಿತೆಂದು ಶಾಸನದಲ್ಲಿಯೇ ದಾಖಲಾಗಿದೆ. ಸಾಲವನ್ನು ಅದು ಮನ್ನಾ ಮಾಡಲಿಲ್ಲ. ಸಾಲಗಾರನ ದೇಹವನ್ನು ಒತ್ತೆಯಿಡುವ ಪದ್ಧತಿಗೆ ಕಡಿವಾಣ ಹಾಕಿತು. ದೇವರ ಸನ್ನಿಧಿಯಲ್ಲಿ ಮೌನವಾಗಿರಲು ಕಲಿತ ಕಿವಿಗಳಿಗೆ ಬಡವನ ಮೊರೆ ಕೇಳಿಸಿತು. ಕೇಳಿಸಿದ್ದು ಕಾನೂನಿನ ರೂಪ ತಾಳಿತು.

ಪ್ರಾರ್ಥಿಸುವ ನಾಯಕನಿಗೆ ಯಶಸ್ಸು ಖಚಿತವೆಂದು ಭಾವಿಸಬೇಕಾಗಿಲ್ಲ. ಅದೇ ವರ್ಷ ಅಂತೋಣಿಯವರು ವೆರೋನಾಗೆ ಹೋಗಿ, ಅಲ್ಲಿ ಪ್ರಬಲನಾಗಿದ್ದ ಎಜ್ಜೆಲಿನೊ ಎಂಬ ನಾಯಕನ ಕಡೆಯವರಲ್ಲಿ ಸೆರೆಯಾಳುಗಳ ಬಿಡುಗಡೆಗಾಗಿ ಬೇಡಿಕೊಂಡರು. ಆ ಬೇಡಿಕೆ ಈಡೇರಲಿಲ್ಲ. ಬರಿಗೈಯಲ್ಲಿ ಹಿಂದಿರುಗಿದ ಅವರು ಕಾಂಪೊಸಾಂಪಿಯೆರೊ ಎಂಬಲ್ಲಿ ಆಕ್ರೋಟು ಮರದ ಮೇಲೆ ಕಟ್ಟಿಸಿಕೊಂಡ ಪುಟ್ಟ ಕುಟೀರದಲ್ಲಿ ಮತ್ತೆ ಪ್ರಾರ್ಥನೆಗೆ ಕುಳಿತರು. ಗೆದ್ದಾಗಲೂ ಸೋತಾಗಲೂ ಅವರು ಹಿಂದಿರುಗಿದ ಸ್ಥಳ ಒಂದೇ. 1231ರ ಜೂನ್ 13ರಂದು ಅವರು ದೈವಾಧೀನರಾದರು; ಒಂದು ವರ್ಷ ತುಂಬುವ ಮೊದಲೇ, 1232ರ ಮೇ 30ರಂದು, ಸಂತಪದವಿಗೆ ಏರಿಸಲ್ಪಟ್ಟರು.

ಈ ಇತಿಹಾಸ ನಮ್ಮ ನಾಲ್ಕು ತಾಲ್ಲೂಕುಗಳಿಗೆ ದೂರದ್ದಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳು ಹೊಗೆಸೊಪ್ಪಿನ ಸೀಮೆ. ಮಳೆಯನ್ನು ನಂಬಿ ನೆಟ್ಟು, ಸೌದೆ ಉರಿಸಿ ಸೊಪ್ಪು ಹದಮಾಡಿ, ಹರಾಜು ಮಾರುಕಟ್ಟೆಗೆ ಒಯ್ಯುವವರೆಗೂ ರೈತನ ಕೈಯಿಂದ ಹಣ ಹೋಗುತ್ತಲೇ ಇರುತ್ತದೆ. ಬೆಲೆಯನ್ನು ನಿರ್ಧರಿಸುವವರು ಬೇರೆಯವರು. 2015ರಲ್ಲಿ ಸಾಲದ ಹೊರೆ ತಾಳಲಾರದೆ ಈ ಭಾಗದ ಹೊಗೆಸೊಪ್ಪು ಬೆಳೆಗಾರರು ಪ್ರಾಣ ಕಳೆದುಕೊಂಡ ನೋವನ್ನು ನಾವು ಮರೆತಿಲ್ಲ.

ಇಂತಹ ನೆಲದಲ್ಲಿ ಸಹಕಾರ ಸಂಘದ ಕಾರ್ಯದರ್ಶಿ, ಬ್ಯಾಂಕಿನ ವ್ಯವಸ್ಥಾಪಕ, ಸ್ವಸಹಾಯ ಗುಂಪಿನ ಮುಂದಾಳು, ಶಾಲೆಯ ಮುಖ್ಯಸ್ಥ, ಕೂಲಿಗಳ ಮೇಸ್ತ್ರಿ, ಧರ್ಮಕೇಂದ್ರದ ಗುರು ಎಲ್ಲರೂ ಒಂದಲ್ಲ ಒಂದು ಬಗೆಯ ನಾಯಕರೇ. ಸಭೆಯ ಆರಂಭದಲ್ಲಿ ಎರಡು ನಿಮಿಷ ಎದ್ದುನಿಂತು ಹೇಳುವ ಪ್ರಾರ್ಥನೆ ಬೇಕು, ಅಷ್ಟೇ ಸಾಲದು. ಯೇಸುಸ್ವಾಮಿ ಹನ್ನೆರಡು ಮಂದಿಯನ್ನು ಆರಿಸುವ ಮುನ್ನ ಬೆಟ್ಟದ ಮೇಲೆ ಇಡೀ ರಾತ್ರಿ ಪ್ರಾರ್ಥಿಸಿದರೆಂದು ಸಂತ ಲೂಕರು ಬರೆದಿದ್ದಾರೆ. ಜಪ್ತಿಯ ನೋಟೀಸಿಗೆ, ಕೆಲಸದಿಂದ ತೆಗೆಯುವ ಪತ್ರಕ್ಕೆ ಸಹಿ ಹಾಕುವ ಮುನ್ನ, ಅದರಿಂದ ಯಾರ ಮನೆಯ ಒಲೆ ಆರುತ್ತದೋ ಅವರ ಹೆಸರನ್ನು ದೇವರ ಮುಂದೆ ಒಮ್ಮೆ ಉಚ್ಚರಿಸಿ ಮೌನವಾಗಿ ಕುಳಿತುಕೊಳ್ಳುವುದು ನಾಯಕನ ಪ್ರಾರ್ಥನೆ. ಅದಾದ ಮೇಲೂ ಕಠಿಣ ನಿರ್ಧಾರ ಅನಿವಾರ್ಯವಾಗಬಹುದು. ಆದರೆ ಕಾಗದದ ಮೇಲಿನ ಅಂಕಿಯ ಹಿಂದಿರುವ ಮನುಷ್ಯನನ್ನು ಕಂಡೇ ಆ ನಿರ್ಧಾರ ಹೊರಬೀಳುತ್ತದೆ.

ಡೋರನಹಳ್ಳಿಯಲ್ಲಿ ಮೇಣದಬತ್ತಿ ಹಚ್ಚಿ ಕಳೆದುಕೊಂಡದ್ದನ್ನು ಬೇಡುವ ನಾವು, ನಮ್ಮ ಅಧಿಕಾರದ ಕೆಳಗೆ ದುಡಿಯುವವರನ್ನೂ ನಮಗೆ ಸಾಲಗಾರರಾದವರನ್ನೂ ಅಲ್ಲಿ ನೆನೆಯೋಣ. ಪದುವಾದ ಆ ಶಾಸನಕ್ಕೆ ಕಾರಣರಾದ ಸಂತರಿಗೆ ಅದಕ್ಕಿಂತ ಪ್ರಿಯವಾದ ಹರಕೆ ಇರಲಾರದು.