‘ಅಮಾನ್ಯ’ ಎಂಬ ಮಾತು



ಘಟ್ಟದ ಮೇಲಣ ಮುಂಡಗೋಡಿನ ಸೀಮೆಯಲ್ಲಿ ಮಳಗಿ ಎಂಬುದೊಂದು ಊರಿದೆ. ಕಾಡು, ಗದ್ದೆ, ಧರ್ಮಾ ಜಲಾಶಯ ಇವುಗಳ ನೆರೆಯ ಈ ಊರಿನ ಹೆಸರು ರಾಜರ ಚರಿತ್ರೆಯಲ್ಲಿ ದೊಡ್ಡದಾಗಿ ಕೇಳಿಬರುವುದಿಲ್ಲ. ಆದರೂ ಅಲ್ಲಿ ನಿಂತು ಪಡುವಲಿಗೆ ತಿರುಗಿದರೆ ಸೋದೆಯ ದಿಕ್ಕು. ಬಡಗಲಿಗೆ ತಿರುಗಿದರೆ ಕಿತ್ತೂರಿನ ದಿಕ್ಕು. ಈ ಎರಡು ಗಾದಿಗಳೂ ಅಳಿದುವು. ಆದರೆ ಒಂದೇ ಬಗೆಯಾಗಿ ಅಳಿಯಲಿಲ್ಲ. ಆ ವ್ಯತ್ಯಾಸವನ್ನು ಹೇಳುವುದಕ್ಕೆ ನಮಗೆ ಒಂದು ಮಾತು ಬೇಕು. ಆ ಮಾತನ್ನು ತಪ್ಪಿಲ್ಲದೆ ಬಳಸುವುದು ಹೇಗೆಂಬುದೇ ಈ ಹೊತ್ತಿನ ನನ್ನ ವಿಷಯ.

‘ಅಮಾನ್ಯಗೊಳಿಸು’ ಎಂಬುದೇ ಆ ಮಾತು. ಕಚೇರಿಯ ಕನ್ನಡದಲ್ಲಿ ಇದಕ್ಕೆ ನೆರೆಯಾದ ಇನ್ನೊಂದು ಮಾತುಂಟು: ‘ಅಸಿಂಧು’. ಒಂದು ಪತ್ರವೋ ಕ್ರಯವೋ ದತ್ತಕವೋ ನ್ಯಾಯದ ಮುಂದೆ ನಿಲ್ಲದಿದ್ದರೆ ಅದು ಅಸಿಂಧು. ಒಬ್ಬನ ಅಧಿಕಾರಕ್ಕೆ ಆಧಾರವಾದ ಹಕ್ಕೇ ಹುಸಿಯೆಂದು ಜನರ ಮುಂದೆ ತೋರಿಸಿ, ಆ ಅಧಿಕಾರಕ್ಕೆ ಸಲ್ಲುವ ಮನ್ನಣೆಯನ್ನು ಕಳೆಯುವುದು ಅಮಾನ್ಯಗೊಳಿಸುವುದು. ಸೋಲಿಸುವುದು ಬೇರೆ, ಪದಚ್ಯುತಗೊಳಿಸುವುದು ಬೇರೆ, ಅಪಕೀರ್ತಿ ತರುವುದು ಬೇರೆ. ಇವೆಲ್ಲವನ್ನೂ ಒಂದೇ ಪದದಲ್ಲಿ ಕಟ್ಟಿಬಿಟ್ಟರೆ ಮಾತು ಕೆಡುವುದು ಮಾತ್ರವಲ್ಲ, ಚರಿತ್ರೆಯೂ ಕೆಡುತ್ತದೆ.

ಮೊದಲು ಸೋದೆಯನ್ನು ನೋಡೋಣ. ವಿಜಯನಗರದ ಕಾಲದಲ್ಲಿ ತಲೆಯೆತ್ತಿದ ಈ ಮನೆತನ ಎರಡು ಶತಮಾನಗಳ ಕಾಲ ಘಟ್ಟದ ಸೀಮೆಯನ್ನು ಆಳಿತು. 1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. ಅದರ ಬೆನ್ನಿಗೇ ಸೋದೆಯೂ ಹೋಯಿತು. ಅರಸನಾದ ಇಮ್ಮಡಿ ಸದಾಶಿವನು ಘಟ್ಟವಿಳಿದು ಗೋವೆಯಲ್ಲಿ ಪೋರ್ಚುಗೀಸರ ಆಶ್ರಯ ಪಡೆದನು. ನೆಲ ಹೋಯಿತು, ಸೈನ್ಯ ಹೋಯಿತು. ಆದರೆ ‘ಸೋದೆಯ ಅರಸ’ ಎಂಬ ಹೆಸರು ಹೋಗಲಿಲ್ಲ. ಫೋಂಡೆ, ಕಾಣಕೋಣ ಮೊದಲಾದ ಸೀಮೆಗಳ ಮೇಲೆ ತಮ್ಮ ಹಕ್ಕನ್ನು ಭದ್ರಪಡಿಸಿಕೊಳ್ಳಲು ಪೋರ್ಚುಗೀಸರು 1791ರಲ್ಲಿ ಒಪ್ಪಂದ ಮಾಡಿಕೊಂಡುದು ಇದೇ ಮನೆತನದೊಡನೆ. ರಾಜ್ಯವಿಲ್ಲದ ರಾಜನ ಒಪ್ಪಿಗೆಗೂ ಬೆಲೆಯಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದುದರಿಂದ “ಹೈದರನು ಸೋದೆಯ ಅರಸನನ್ನು ಅಮಾನ್ಯಗೊಳಿಸಿದನು” ಎಂದು ಬರೆದರೆ ಅದು ತಪ್ಪು ವಾಕ್ಯ. “ಹೈದರನು ಸೋದೆಯನ್ನು ಗೆದ್ದುಕೊಂಡನು” ಎಂಬುದೇ ಸರಿ. ಕತ್ತಿಯು ನೆಲವನ್ನು ಕಸಿಯಬಲ್ಲುದು. ಹಕ್ಕು ಸುಳ್ಳೆಂದು ಸಾಧಿಸುವುದು ಕತ್ತಿಯ ಕೆಲಸವಲ್ಲ.

ಕಿತ್ತೂರಿನ ಕಥೆ ಇದಕ್ಕೆ ವಿಪರೀತವಾದುದು. ಅಲ್ಲಿ ಯುದ್ಧಕ್ಕೆ ಮೊದಲು ಬಂದುದು ಮಾತು. ದೇಸಾಯಿ ಮಲ್ಲಸರ್ಜನು 1816ರಲ್ಲಿ ತೀರಿಕೊಂಡನು. ಅವನ ಮಗ ಶಿವಲಿಂಗರುದ್ರಸರ್ಜನು 1818ರಲ್ಲಿ ಪೇಶ್ವೆಯ ವಿರುದ್ಧ ಇಂಗ್ಲಿಷರಿಗೆ ನೆರವಾಗಿ, ಅವರಿಂದಲೇ ತನ್ನ ಸಂಸ್ಥಾನಕ್ಕೆ ಮನ್ನಣೆ ಪಡೆದವನು. ಮಕ್ಕಳಿಲ್ಲದ ಆತನು 1824ರ ಸೆಪ್ಟೆಂಬರಿನಲ್ಲಿ ಮರಣಹೊಂದಿದನು. ಮಾಸ್ತಮರಡಿಯ ಮನೆತನದ ಶಿವಲಿಂಗಪ್ಪನೆಂಬ ಹುಡುಗನನ್ನು ದೇಸಾಯಿಯು ದತ್ತು ತೆಗೆದುಕೊಂಡಿರುವನೆಂದು ಕಿತ್ತೂರಿನವರು ತಿಳಿಸಿದರು. ಧಾರವಾಡದ ಕಲೆಕ್ಟರನೂ ಪೊಲಿಟಿಕಲ್ ಏಜೆಂಟನೂ ಆಗಿದ್ದ ಥ್ಯಾಕರೆ ಒಪ್ಪಲಿಲ್ಲ. ದತ್ತಕ ನಿಜವಾಗಿ ನಡೆದುದು ಯಾವಾಗ, ಪತ್ರದ ಮೇಲಣ ರುಜು ಯಾರದು ಎಂದು ಸಂಶಯವೆತ್ತಿದನು. ಸರಕಾರದ ಒಪ್ಪಿಗೆ ಇಲ್ಲದ ದತ್ತಕವು ಸಂಸ್ಥಾನಕ್ಕೆ ವಾರಸನ್ನು ಕೊಡಲಾರದೆಂಬ ವಾದವೂ ಇತ್ತು. ಬೊಕ್ಕಸಕ್ಕೆ ಮುದ್ರೆ ಬಿದ್ದಿತು.

ಇಲ್ಲಿ ಗಮನಿಸಬೇಕಾದುದು ಒಂದುಂಟು. ಹೊಸ ವಾರಸನ ವಿಷಯದಲ್ಲಿ ಮೇಲಧಿಕಾರದ ಒಪ್ಪಿಗೆ ಪಡೆಯುವುದು, ನಜರು ಒಪ್ಪಿಸುವುದು ಮರಾಠರ ಆಳಿಕೆಯಲ್ಲಿಯೂ ಇದ್ದ ರೂಢಿ. ಆದಕಾರಣ ಕುಂಪಣಿಯ ವಾದಕ್ಕೆ ಬುಡವೇ ಇರಲಿಲ್ಲವೆಂದು ಹೇಳುವುದು ನ್ಯಾಯವಲ್ಲ. ಆದರೆ ದತ್ತಕವು ಅಸಿಂಧುವಾದರೆ ಲಾಭವಾಗುವುದು ಯಾರಿಗೆ? ಸಂಸ್ಥಾನ ಸೇರುವುದು ಕುಂಪಣಿಗೇ. ತೀರ್ಪು ಹೇಳುವವರೂ ಅವರೇ, ಆಸ್ತಿಗೆ ಬಾಧ್ಯರಾಗುವವರೂ ಅವರೇ. ಕಿತ್ತೂರಿನವರ ಮನಸ್ಸು ಕುದಿದುದು ಇಲ್ಲಿ.

ಮಲ್ಲಸರ್ಜನ ರಾಣಿ ಚೆನ್ನಮ್ಮನು ಮಣಿಯಲಿಲ್ಲ. 1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ನಡೆದ ಕಾಳಗದಲ್ಲಿ ಥ್ಯಾಕರೆ ಮಡಿದನು. ಡಿಸೆಂಬರ್ ಮೊದಲ ವಾರದಲ್ಲಿ ದೊಡ್ಡ ಸೈನ್ಯ ಬಂದು ಕೋಟೆಯನ್ನು ಹಿಡಿಯಿತು. ರಾಣಿಯು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಣುಮುಚ್ಚಿದಳು.

ಹಾಗಾದರೆ “ಕುಂಪಣಿಯವರು ಶಿವಲಿಂಗಪ್ಪನ ಹಕ್ಕನ್ನು ಅಮಾನ್ಯಗೊಳಿಸಿದರು” ಎನ್ನಬಹುದೆ? ಕಾಗದದ ಮಟ್ಟಿಗೆ ಎನ್ನಬಹುದು. ಜನರ ಮಟ್ಟಿಗೆ ಎನ್ನಲಾಗದು. ಏಕೆಂದರೆ ಕೋಟೆ ಬಿದ್ದು ನಾಲ್ಕೈದು ವರ್ಷಗಳು ಕಳೆದ ಮೇಲೆ ಸಂಗೊಳ್ಳಿಯ ರಾಯಣ್ಣನು ಬಂಡೆದ್ದುದು ಅದೇ ಹುಡುಗನನ್ನು ಗಾದಿಯ ಮೇಲೆ ಕೂರಿಸುವುದಕ್ಕಾಗಿ. ಕಿತ್ತೂರು, ಖಾನಾಪುರಗಳ ಕಾಡುಮೇಡುಗಳಲ್ಲಿ ಸುತ್ತಿದ ಆ ವೀರನನ್ನು ಕೊನೆಗೆ ನಂದಗಡದಲ್ಲಿ ನೇಣಿಗೆ ಹಾಕಿದರು. ಕಚೇರಿಯು ಅಸಿಂಧುವೆಂದ ಹೆಸರಿಗಾಗಿ ಜನರು ಪ್ರಾಣ ಕೊಟ್ಟರು. ಆದುದರಿಂದ ಸರಿಯಾದ ವಾಕ್ಯ ಇದು: “ಕುಂಪಣಿಯವರು ಶಿವಲಿಂಗಪ್ಪನ ಹಕ್ಕನ್ನು ಅಮಾನ್ಯವೆಂದು ಸಾರಿದರು, ನಾಡು ಅದನ್ನು ಒಪ್ಪಲಿಲ್ಲ.” ಸಾರಿದುದಕ್ಕೂ ಆದುದಕ್ಕೂ ನಡುವೆ ಇರುವ ಅಂತರವೇ ರಾಯಣ್ಣನ ಚರಿತ್ರೆ.

ನಮ್ಮ ಮೈಸೂರಿನ ಉದಾಹರಣೆಯನ್ನೂ ಒರೆಗೆ ಹಚ್ಚೋಣ. 1831ರಲ್ಲಿ, ನಗರದ ದಂಗೆಯ ತರುವಾಯ, ದುರಾಡಳಿತದ ಕಾರಣ ಹೇಳಿ ಇಂಗ್ಲಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ರಾಜ್ಯಭಾರವನ್ನು ತೆಗೆದುಕೊಂಡರು. ಹೋದುದು ಆಡಳಿತ, ಮಹಾರಾಜರೆಂಬ ಪದವಿ ಹೋಗಲಿಲ್ಲ. 1865ರಲ್ಲಿ ಮಹಾರಾಜರು ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಮೊದಲು ಒಪ್ಪದಿದ್ದ ಸರಕಾರ 1867ರಲ್ಲಿ ಆ ದತ್ತಕಕ್ಕೆ ಮನ್ನಣೆ ಕೊಟ್ಟಿತು. 1881ರಲ್ಲಿ ರಾಜ್ಯವು ಚಾಮರಾಜೇಂದ್ರರಿಗೆ ಮರಳಿತು. ಕಿತ್ತೂರಿಗೆ ಸಿಗದ ನ್ಯಾಯ ಮೈಸೂರಿಗೆ ಸಿಕ್ಕಿತೇಕೆ? ಶಾಸ್ತ್ರ ಬದಲಾಗಿರಲಿಲ್ಲ. ನಡುವೆ 1857 ಬಂದು ಹೋಗಿತ್ತು. ದತ್ತಕಕ್ಕೆ ಒಪ್ಪಿಗೆ ಸಿಗದ ನರಗುಂದದ ಬಾಬಾಸಾಹೇಬನು 1858ರಲ್ಲಿ ಬಂಡೆದ್ದು ಬೆಳಗಾವಿಯಲ್ಲಿ ನೇಣಿಗೇರಿದ್ದನು. ಗಾದಿಗಳ ಹಕ್ಕನ್ನು ಕೆದಕುವುದರಿಂದ ಬರುವ ನಷ್ಟವೆಷ್ಟೆಂಬುದು ಆಳುವವರಿಗೆ ಅರಿವಾಗಿತ್ತು.

ಕೇಳುಗರೆ, ಯಾರಾದರೂ ಒಂದು ಅಧಿಕಾರವನ್ನು ‘ಅಮಾನ್ಯ’ ಎಂದಾಗ ನಾವು ಮೂರು ಪ್ರಶ್ನೆಗಳನ್ನು ಕೇಳಬೇಕು. ಹೇಳಿದವರು ಯಾರು? ಯಾವ ಆಧಾರದಿಂದ ಹೇಳಿದರು? ಯಾರು ಅದನ್ನು ಒಪ್ಪಿದರು? ಕರ್ತೃ, ಕಾರಣ, ಒಪ್ಪಿಗೆ ಈ ಮೂರೂ ವಾಕ್ಯದಲ್ಲಿ ತೋರಿದರೆ ಮಾತು ಸರಿಯಾಗಿ ಬಳಕೆಯಾಯಿತು. “ಕಿತ್ತೂರಿನ ವಾರಸಿಕೆ ಅಮಾನ್ಯವಾಯಿತು” ಎಂದು ಕರ್ತೃವಿಲ್ಲದೆ ಬರೆದರೆ, ಮಳೆ ಬಂದಿತು, ಎಲೆ ಉದುರಿತು ಎಂಬಂತೆ ಅದು ತಾನಾಗಿ ನಡೆದ ಸಂಗತಿಯಾಗಿ ಕಾಣುತ್ತದೆ. ಅದು ತಾನಾಗಿ ನಡೆಯಲಿಲ್ಲ. ಒಬ್ಬ ಅಧಿಕಾರಿ ಒಂದು ಪತ್ರವನ್ನು ಹುಸಿಯೆಂದನು. ಒಬ್ಬ ಹೆಣ್ಣುಮಗಳು ನಿಜವೆಂದಳು. ಇಬ್ಬರ ಹೆಸರನ್ನೂ ವಾಕ್ಯದೊಳಗೆ ಇರಿಸುವುದು ಚರಿತ್ರೆಯನ್ನು ಬರೆಯುವವರ ಕರ್ತವ್ಯ. ಅವರು ಮರೆತರೆ ಕೇಳಿ ನೆನಪಿಸುವುದು ಓದುವವರ ಕರ್ತವ್ಯ.