ಹೆಬ್ಬೆಟ್ಟು, ಪಹಣಿ, ಲಾಗಿನ್

ಕೊಟ್ಟಾರ ಚೌಕಿಯ ಹತ್ತಿರದ ಬಾಡಿಗೆ ಕೋಣೆಯಲ್ಲಿ ಕೂತು ಹೋದ ಮಳೆಗಾಲ ಒಂದು ಸಣ್ಣ ಜಾಲತಾಣ ಕಟ್ಟಿದೆ. ದಕ್ಷಿಣ ಕನ್ನಡದ ಗೇಣಿದಾರರು 1974ರ ಭೂಸುಧಾರಣೆಯ ನಂತರ ಭೂನ್ಯಾಯಮಂಡಳಿಗಳ ಮುಂದೆ ಏನು ಹೇಳಿದರು, ಏನು ಹೇಳದೆ ಉಳಿದರು ಎಂಬುದು ನನ್ನ ಸಂಶೋಧನೆಯ ವಿಷಯ. ಹಿರಿಯರ ಹೇಳಿಕೆಗಳನ್ನೂ ಗೇಣಿ ಚೀಟಿಗಳ ಚಿತ್ರಗಳನ್ನೂ ಒಂದೆಡೆ ಇಟ್ಟು, ನನ್ನೊಡನೆ ಸಂದರ್ಶನ ಮಾಡುತ್ತಿದ್ದ ನಾಲ್ಕೈದು ಮಂದಿ ತಂತಮ್ಮ ಕಡತಗಳನ್ನಷ್ಟೇ ನೋಡುವಂತೆ ಮಾಡಬೇಕಿತ್ತು. ಜಾಂಗೋ ಎಂಬ ಫ್ರೇಮ್‌ವರ್ಕ್ ಬಳಸಿದೆ. ಲಾಗಿನ್ ಪುಟ, ಪಾಸ್‌ವರ್ಡ್ ಎಲ್ಲ ಒಂದೇ ಸಂಜೆಗೆ ಸಿದ್ಧವಾಯಿತು.

ಮರುದಿನ ಸಾಫ್ಟ್‌ವೇರ್ ಕೆಲಸದಲ್ಲಿರುವ ಗೆಳೆಯನಿಗೆ ಒಂದು ಹೆಸರು, ಪಾಸ್‌ವರ್ಡ್ ಕೊಟ್ಟು ನೋಡಲು ಹೇಳಿದೆ. ಅವನು ಒಳಗೆ ಹೋಗಿ, ವಿಳಾಸದ ಕೊನೆಯಲ್ಲಿದ್ದ 17 ಎಂಬ ಅಂಕಿಯನ್ನು 18 ಮಾಡಿದ. ಹೆಸರು ಹೊರಗೆ ಬಾರದೆಂದು ಮಾತು ಕೊಟ್ಟು ಪಡೆದಿದ್ದ ಒಬ್ಬ ಅಜ್ಜನ ಪೂರ್ತಿ ಹೇಳಿಕೆ ಪರದೆಯ ಮೇಲೆ ಬಂತು. "ಎಂಥ ಮಾರಾಯ, ಎದುರು ಬಾಗಿಲಿಗೆ ಮಾತ್ರ ಬೀಗ, ಒಳಗಿನ ಕಪಾಟುಗಳೆಲ್ಲ ಹಾಗೇ ತೆರೆದಿವೆ" ಅಂದ.

ಆ ಅಜ್ಜನ ಹಳೆಯ ಒಡೆಯರ ಮನೆಯವರು ಇವತ್ತಿಗೂ ಅವರ ನೆರೆಯವರು. ಐವತ್ತು ವರ್ಷದ ಹಿಂದಿನ ಜಗಳ ಎಂದು ಬಿಟ್ಟುಬಿಡುವ ಹಾಗಿರಲಿಲ್ಲ.

ನಾನು ಕೇಳಿದ್ದು ಒಂದೇ ಪ್ರಶ್ನೆ: ನೀನು ಯಾರು? ಕೇಳದೆ ಬಿಟ್ಟದ್ದು: ಇದನ್ನು ನೋಡಲು ನಿನಗೇನು ಹಕ್ಕು? ಜಾಲದ ಭಾಷೆಯಲ್ಲಿ ಎರಡಕ್ಕೂ ಬೇರೆ ಬೇರೆ ಉತ್ತರಗಳಿವೆ. ಯಾರೆಂದು ತಿಳಿಯದಿದ್ದರೆ ಸರ್ವರ್ 401 ಎನ್ನುತ್ತದೆ, ಯಾರೆಂದು ತಿಳಿದೂ ಬಿಡುವುದಿಲ್ಲವಾದರೆ 403. ತಮಾಷೆಯೆಂದರೆ 401ಕ್ಕೆ ಇಟ್ಟ ಇಂಗ್ಲಿಷ್ ಹೆಸರಿನ ಅರ್ಥ 'ಅಧಿಕಾರವಿಲ್ಲ' ಎಂದು. ಹೆಸರಿಡುವಾಗಲೇ ಎರಡು ಪ್ರಶ್ನೆಗಳು ಕಲಸಿಹೋಗಿವೆ.

ಮೊದಲ ಪ್ರಶ್ನೆಯ ಚರಿತ್ರೆ ಸ್ವಾರಸ್ಯದ್ದು. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಳ್ಳಬೇಕಾದಾಗ ಫರ್ನಾಂಡೊ ಕೊರ್ಬಾಟೊ ಅವರ ತಂಡ ಪಾಸ್‌ವರ್ಡನ್ನು ತಂದಿತು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ ತನಗೆ ಕೊಟ್ಟ ಗಣಕ ಸಮಯ ಸಾಲದೆಂದು ಎಲ್ಲರ ಪಾಸ್‌ವರ್ಡ್‌ಗಳ ಕಡತವನ್ನೇ ಮುದ್ರಿಸಿಕೊಂಡ. (ನಮ್ಮ ಕುಲದ ಮೇಲೆ ಅನುಮಾನ ಅಂದಿನಿಂದಲೂ ಇದೆ.) ಮುಂದೆ ಪಾಸ್‌ವರ್ಡನ್ನು ಇದ್ದಂತೆ ಇಡದೆ, ತಿರುಗಿ ಬಿಡಿಸಲಾಗದಂತೆ ಅರೆದು ಇಡುವ ಕ್ರಮ ಬಂತು. ಜಾಲ ಬಂದಾಗ ಇನ್ನೊಂದು ತೊಡಕು: ವೆಬ್ ಸರ್ವರ್‌ಗೆ ನೆನಪಿಲ್ಲ, ಪ್ರತಿ ಕೋರಿಕೆಯೂ ಅದಕ್ಕೆ ಹೊಸಬನ ಮಾತು. 1994ರಲ್ಲಿ ನೆಟ್‌ಸ್ಕೇಪಿನ ಲೂ ಮೊಂಟುಲ್ಲಿ 'ಕುಕೀ' ಎಂಬ ಗುರುತಿನ ಚೀಟಿಯನ್ನು ಕೊಟ್ಟರು. ಇದನ್ನೆಲ್ಲ ಪ್ರತಿಯೊಬ್ಬರೂ ಕೈಯಾರೆ ಬರೆದು ತಪ್ಪುತ್ತಿದ್ದ ಕಾಲದಲ್ಲಿ, ಅಮೆರಿಕದ ಕನ್ಸಾಸ್‌ನ ಒಂದು ಊರ ಪತ್ರಿಕೆಯ ಕಚೇರಿಯಲ್ಲಿ ಹುಟ್ಟಿದ ಜಾಂಗೋ 2005ರಲ್ಲಿ ಹೊರಬಂತು. ಗಿಟಾರ್ ವಾದಕನೊಬ್ಬನ ಹೆಸರು ಹೊತ್ತ ಈ ಫ್ರೇಮ್‌ವರ್ಕ್ ಬಳಕೆದಾರ, ಪಾಸ್‌ವರ್ಡ್, ಗುಂಪು, ಅನುಮತಿ ಎಲ್ಲವನ್ನೂ ತನ್ನೊಳಗೇ ಇಟ್ಟುಕೊಂಡು ಬರುತ್ತದೆ. ಆದರೆ 18ನೇ ಕಡತ ಯಾರದ್ದು ಎಂಬುದು ಅದಕ್ಕೆ ಹೇಗೆ ಗೊತ್ತಾಗಬೇಕು? ಅದನ್ನು ನಾನೇ ಬರೆಯಬೇಕಿತ್ತು.

ಈ ಎರಡನೇ ಪ್ರಶ್ನೆಯ ಚರಿತ್ರೆ ಹುಡುಕಲು ನಾನು ದೂರ ಹೋಗಬೇಕಾಗಲಿಲ್ಲ, ಮೇಜಿನ ಮೇಲಿದ್ದ ಪಹಣಿಗಳೇ ಸಾಕಾದವು. ಪಹಣಿಯ 9ನೇ ಕಾಲಂನಲ್ಲಿ ಒಡೆಯನ ಹೆಸರು, 12ನೇ ಕಾಲಂನಲ್ಲಿ ಸಾಗುವಳಿ ಮಾಡುವವನ ಹೆಸರು. ಉಳುವವನೇ ಒಡೆಯ ಎಂದು ಕಾನೂನು ಹೇಳಿದಾಗ, ಚಾಲಗೇಣಿಯ ಒಕ್ಕಲಿಗೆ ಆ 12ನೇ ಕಾಲಂ ಎಂದರೆ ಜೀವನವೇ. ಅದನ್ನು ಬರೆಯುವ ಲೇಖನಿ ಯಾರ ಕೈಯಲ್ಲಿತ್ತು? ಮೊದಲು ಶಾನುಭೋಗರು. ವಂಶಪಾರಂಪರ್ಯದ ಆ ಹುದ್ದೆಯನ್ನು 1961ರ ಕಾಯ್ದೆ ರದ್ದು ಮಾಡಿತು, ಜಾರಿಗೆ ಬಂದದ್ದು 1963ರಲ್ಲಿ. ಆಮೇಲೆ ಗ್ರಾಮ ಲೆಕ್ಕಿಗರು. ರಾಜ್ಯದಲ್ಲಿ ಸುಮಾರು 9,000 ಲೆಕ್ಕಿಗರ ಬಳಿಯಿದ್ದ ಪುಸ್ತಕಗಳಲ್ಲಿ ಒಂದು ಹೆಸರು ಬದಲಾದರೆ, ಯಾವಾಗ ಬದಲಾಯಿತು, ಯಾರು ಹೇಳಿ ಬದಲಾಯಿತು ಎಂದು ಕೇಳುವುದು ಕಷ್ಟವಿತ್ತು.

ಹೊಸ ಶತಮಾನದ ಆರಂಭದಲ್ಲಿ ಬಂದ 'ಭೂಮಿ' ಯೋಜನೆ ಈ ಪುಸ್ತಕಗಳನ್ನು ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ತಂದಿತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು, 177 ತಾಲ್ಲೂಕು, ಒಂದು ಪ್ರತಿಗೆ 15 ರೂಪಾಯಿ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ಮುಂದಾಳು. ಕೈಬರಹದ ಪಹಣಿಗೆ ಬೆಲೆ ಇಲ್ಲದಾಯಿತು. ನನ್ನ ಗಮನ ಸೆಳೆದದ್ದು ಲಾಗಿನ್. ಪಾಸ್‌ವರ್ಡನ್ನು ಇನ್ನೊಬ್ಬರಿಗೆ ಹೇಳಬಹುದು, 'ಅದು ನಾನಲ್ಲ' ಎನ್ನಲೂಬಹುದು. ಆದ್ದರಿಂದ ಸಿಬ್ಬಂದಿ ಬೆರಳಿಟ್ಟೇ ಒಳಗೆ ಹೋಗಬೇಕಿತ್ತು. ಅರ್ಜಿ ದಾಖಲಿಸುವವರು ಒಬ್ಬರು, ಖಾತೆ ಬದಲಾವಣೆಗೆ ಒಪ್ಪಿಗೆ ಕೊಡುವವರು ಇನ್ನೊಬ್ಬರು. ಮೊದಲು ಬಂದ ಅರ್ಜಿಗೆ ಮೊದಲ ಸರದಿ. ಆದೇಶದ ಸ್ಕ್ಯಾನ್ ಪ್ರತಿ ದಾಖಲೆಯ ಜೊತೆಗೇ. ಕಿಟಕಿಯ ಹೊರಗಿದ್ದ ರೈತನಿಗೂ ಒಂದು ಪರದೆ ತಿರುಗಿಸಿ ಇಟ್ಟಿದ್ದರು.

ನಮ್ಮಲ್ಲಿ 'ಹೆಬ್ಬೆಟ್ಟು' ಎಂದರೆ ಬೈಗುಳ, ಓದು ಬಾರದವನು ಎಂದು. 1858ರಲ್ಲಿ ಬಂಗಾಳದ ಜಂಗಿಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿ ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನ ಅಂಗೈ ಗುರುತನ್ನು ಕರಾರಿನ ಮೇಲೆ ಒತ್ತಿಸಿಕೊಂಡ ದಿನದಿಂದ, ಒತ್ತುವವರು ಪ್ರಜೆಗಳು, ಒತ್ತಿಸಿಕೊಳ್ಳುವವರು ಸರ್ಕಾರ. ಭೂಮಿಯಲ್ಲಿ ಬೆರಳು ಒತ್ತಬೇಕಾದವರು ಓದಿದ ನೌಕರರು. ಈ ಅದಲುಬದಲು ನನಗೆ ಇವತ್ತಿಗೂ ಖುಷಿ ಕೊಡುತ್ತದೆ.

ಖುಷಿಗೆ ಮಿತಿಯೂ ಇದೆ. 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತಲಿನ ಅನುಭವ ನೋಡಿ ತಕರಾರು ಎತ್ತಿದರು. ಅಧಿಕಾರ ಹಳ್ಳಿಯಿಂದ ಮೇಲಕ್ಕೆ ಸರಿಯಿತು, ಒಂದೆಡೆ ಸೇರಿದ ಮಾಹಿತಿಯಿಂದ ಲಾಭ ಪಡೆದವರು ದೊಡ್ಡ ಜಮೀನು ವ್ಯವಹಾರಸ್ಥರು ಎಂಬುದು ಅವರ ವಾದದ ತಿರುಳು. ನನಗೆ ಇದರಲ್ಲಿ ಸತ್ಯ ಕಾಣುತ್ತದೆ. 12ನೇ ಕಾಲಂನಲ್ಲಿ ಹಿಂದೆಯೇ ತಪ್ಪು ಹೆಸರಿದ್ದರೆ, ಕಂಪ್ಯೂಟರು ಆ ತಪ್ಪನ್ನೇ ಅಚ್ಚುಕಟ್ಟಾಗಿ ಮುದ್ರಿಸುತ್ತದೆ. ಬೆರಳಚ್ಚು ಬದಲಾಯಿಸಿದವನು ಯಾರೆಂದು ಹೇಳೀತು, ಬದಲಾವಣೆ ನ್ಯಾಯವೇ ಎಂದು ಹೇಳಲಾರದು.

ನನ್ನ ತಾಣಕ್ಕೆ ಬೇಕಾದ ತಿದ್ದುಪಡಿ ಎರಡು ಸಾಲಿನದ್ದು. ಎಲ್ಲ ಕಡತಗಳಲ್ಲಿ 18ನ್ನು ಹುಡುಕುವ ಬದಲು, ಒಳಬಂದವರಿಗೆ ಸೇರಿದ ಕಡತಗಳಲ್ಲಿ ಮಾತ್ರ ಹುಡುಕುವುದು. ಸಿಗದಿದ್ದರೆ 403 ಅನ್ನಲಿಲ್ಲ, 404 ಎಂದೆ. 'ಇದೆ, ನಿನಗಿಲ್ಲ' ಎಂದರೂ ಇದೆ ಎಂದು ಹೇಳಿದಂತಾಯಿತಲ್ಲ.

ಅಜ್ಜನಿಗೆ ಹೇಳದಿರಲು ಮನಸ್ಸಾಗಲಿಲ್ಲ. ಹೋಗಿ ಆದದ್ದನ್ನು ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡಿದ್ದು ಅವನೊಬ್ಬನೇ ಅಂತ ನಿಮಗೆ ಹೇಗೆ ಗೊತ್ತು? ಬರೆದಿಟ್ಟಿದ್ದೀರಾ?" ಎಂದು ಕೇಳಿದರು. ಬರೆದಿಟ್ಟಿರಲಿಲ್ಲ. ಆ ರಾತ್ರಿ ಕೋಣೆಗೆ ಬಂದು, ಯಾರು ಯಾವ ಕಡತ ಯಾವಾಗ ತೆರೆದರು ಎಂದು ದಾಖಲಿಸುವ ಪಟ್ಟಿಯೊಂದನ್ನು ಸೇರಿಸಿದೆ. ಅದರ ಮೊದಲ ಸಾಲಿನಲ್ಲಿ ನನ್ನದೇ ಹೆಸರಿದೆ.